ಫೋನಕ್ಕ ಹೇಳಿದ ಒಂದು ಸುಳ್ಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ವ್ಯಾನ್ ಓಡಿಸುವವನು. ನಮ್ಮ ಭಾಗದ ಸರ್ಕಾರಿ ಮಾನಸಿಕ ಆರೋಗ್ಯ ಸೇವೆಗೆ ಕೇಂದ್ರಗಳು ಎರಡು, ಆಸ್ಪತ್ರೆ ಒಂದು, ವ್ಯಾನ್ ಒಂದು, ಡ್ರೈವರ್ ನಾನೊಬ್ಬ. ನದಿಯ ಈಚೆ ಕೇಂದ್ರದವರಿಗೆ ಆಚೆಯವರನ್ನು ಕಂಡರೆ ಆಗದು, ಆಚೆಯವರಿಗೂ ಈಚೆಯವರೆಂದರೆ ಅಷ್ಟಕ್ಕಷ್ಟೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂಥ ಸಂಸಾರ. ಎರಡೂ ಕಡೆಗೆ ಸೇರಿದವನು ನಾನೊಬ್ಬನೇ, ಅದೂ ವ್ಯಾನಿನ ದೆಸೆಯಿಂದ. ಹಾಗಾಗಿ ಫೋನಕ್ಕನ ಕತೆಯನ್ನು ಆದಿಯಿಂದ ಅಂತ್ಯದವರೆಗೆ ಕಂಡವನೂ ನಾನೊಬ್ಬನೇ. ಇಂಥದ್ದನ್ನೆಲ್ಲ ಹೊರಗೆ ಹೇಳಬಾರದು ಅನ್ನುವವರಿದ್ದಾರೆ. ಅವರು ಬೇಕಾದರೆ ಹೊಟ್ಟೆಯಲ್ಲಿಟ್ಟುಕೊಂಡಿರಲಿ, ನನ್ನ ಕೈಯಲ್ಲಿ ಆಗುವುದಿಲ್ಲ.

ಈಚೆ ಕೇಂದ್ರದಲ್ಲಿ ಮೆಟ್ಟಿಲಿನ ಪಕ್ಕಕ್ಕೆ ಗಾಜಿನ ಬಾಗಿಲಿನ ಒಂದು ಕೋಣೆ ಇದೆ. ಒಳಗೆ ಮೂರು ಮೇಜು, ಮೂರು ಫೋನು, ಕಾಲು ಮುರಿದು ಗೋಡೆಗೆ ಒರಗಿದ ಒಂದು ಫ್ಯಾನು. ಇಡೀ ಭಾಗದಲ್ಲಿ ಯಾರಿಗೆ ತಲೆ ಕೆಟ್ಟರೂ, ಯಾರ ಮನೆಯಲ್ಲಿ ಯಾರು ಬಾಗಿಲು ಹಾಕಿಕೊಂಡು ಕೂತರೂ, ಫೋನು ಬರುವುದು ಅಲ್ಲಿಗೆ. ಕಿಟಕಿಯ ಪಕ್ಕದ ಮೇಜು ಫೋನಕ್ಕನದು. ವಯಸ್ಸಿನಲ್ಲಿ ನನ್ನ ಕೊನೆಯ ತಂಗಿಗಿಂತ ಚಿಕ್ಕವಳು. ಆದರೂ ಎಲ್ಲರಿಗೂ ಅಕ್ಕ, ಹಾಗಾಗಿ ನನಗೂ ಅಕ್ಕ. ಕರೆಯುವುದು ಅಕ್ಕ ಎಂದು, ಮಾತಾಡಿಸುವುದು ನೀನು ಎಂದು.

ಫೋನಿನಲ್ಲಿ ಜನ ಬಾಯಿಗೆ ಬಂದಂತೆ ಬೈಯುತ್ತಾರೆ. ಕಷ್ಟದಲ್ಲಿರುವವರ ಬಾಯಿಗೆ ಬೀಗ ಹಾಕಲಿಕ್ಕಾಗುತ್ತದೆಯೇ? ಫೋನಕ್ಕ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು, ಬೈಗುಳ ಮುಗಿಯುವ ತನಕ ಕಿಟಕಿಯ ಆಚೆ ನೋಡುತ್ತ ಕೂರುತ್ತಿದ್ದಳು. ಆಮೇಲೆ ನಿಧಾನಕ್ಕೆ, ‘ಆಯ್ತಾ? ಈಗ ಒಂದು ಲೋಟ ನೀರು ಕುಡೀರಿ, ನಾನು ಇಲ್ಲೇ ಇರ್ತೀನಿ’ ಅನ್ನುವಳು. ಅವರು ನಿಜವಾಗಿಯೂ ಎದ್ದು ಹೋಗಿ ನೀರು ಕುಡಿದು ಬರುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ, ದಿನವಿಡೀ ಯಾರ್ಯಾರೋ ಗಂಡಸರು ಫೋನ್ ಮಾಡುತ್ತಾರೆ ಅಣ್ಣ, ಅದರಲ್ಲಿ ಒಬ್ಬನೂ ಒಳ್ಳೆಯ ಸುದ್ದಿ ಹೇಳುವುದಿಲ್ಲ, ನಾನೇನು ಮಾಡಲಿ ಎಂದು ನಕ್ಕಳು. ಅವಳು ನಕ್ಕರೆ ಆ ಕೋಣೆಯಲ್ಲಿ ಇನ್ನಿಬ್ಬರೂ ನಗಲೇಬೇಕು, ಹಾಗಿತ್ತು ಆ ನಗು.

ಆದರೆ ಆ ಕೆಲಸದಲ್ಲಿ ನೀರು ಕುಡಿಸುವುದಕ್ಕಿಂತ ಇಲ್ಲ ಅನ್ನುವುದೇ ಹೆಚ್ಚು. ಆಸ್ಪತ್ರೆಯಲ್ಲಿ ಹಾಸಿಗೆ ಕಡಿಮೆ, ಕಾಯುವವರು ಜಾಸ್ತಿ. ಅದಕ್ಕೊಂದು ನಿಯಮ ಮಾಡಿದ್ದಾರೆ: ತನಗೋ ಇನ್ನೊಬ್ಬರಿಗೋ ಅಪಾಯ ಮಾಡುವವನಿಗೆ ಮಾತ್ರ ಹಾಸಿಗೆ. ಸಂಕಟಕ್ಕೆ ಹಾಸಿಗೆ ಇಲ್ಲ. ಅಳುವವನು ಮನೆಯಲ್ಲೇ ಅಳಬೇಕು, ಹೊಡೆಯುವವನು ಮಾತ್ರ ಒಳಗೆ ಬರಬಹುದು. ಅದಕ್ಕೆ ಕೇಳಬೇಕಾದ ಪ್ರಶ್ನೆಗಳೂ ಗೊತ್ತುಮಾಡಿಟ್ಟವು. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಯಾರೂ ಇಲ್ಲದಾಗ ದನಿ ಕೇಳಿಸುತ್ತದೆಯೇ, ಬದುಕು ಬೇಡ ಅನ್ನಿಸಿದೆಯೇ, ಯಾರ ಮೇಲಾದರೂ ಕೈ ಮಾಡಿದ್ದುಂಟೇ. ಒಂದಾದ ಮೇಲೊಂದು, ಅದೇ ಸಾಲಿನಲ್ಲಿ, ಅದೇ ದನಿಯಲ್ಲಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನಕ್ಕ ಈ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ್ದು ಮನೆಯಲ್ಲಿ, ತಮ್ಮನನ್ನು ಎದುರಿಗೆ ಕೂರಿಸಿಕೊಂಡು. ಅಪ್ಪ ಅಮ್ಮ ಹೋದ ಮೇಲೆ ಅವಳೇ ಸಾಕಿ ಬೆಳೆಸಿದ ತಮ್ಮ. ಹೊಲಿಗೆ ಮಿಷನ್ ರಿಪೇರಿ ಅವನ ಕಸುಬು. ಆಳು ಸಣ್ಣ, ಅದಕ್ಕೂ ಕಸುಬಿಗೂ ಸೇರಿಸಿ ಬೀದಿಯವರು ಇಟ್ಟ ಹೆಸರು ಸೂಜಿ. ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ, ಅಲ್ಲಿ ಅಕ್ಕ ಪ್ರಶ್ನೆ ಕೇಳುವವಳು, ತಮ್ಮ ಹುಚ್ಚ. ಊಟದ ತಟ್ಟೆ ಮುಂದಿಟ್ಟುಕೊಂಡೇ ಈ ಆಟ ನಡೆಯುತ್ತಿತ್ತಂತೆ. ಅಕ್ಕನಿಗೆ ಸಂಶಯವೇ ಬರದ ಹಾಗೆ ಉತ್ತರ ಕೊಟ್ಟು ಅವಳು ಫೋನ್ ಇಡುವಂತೆ ಮಾಡಿದರೆ ಅವನು ಗೆದ್ದ ಹಾಗೆ. ಮೊದಮೊದಲು ಎಲ್ಲ ಚೆನ್ನಾಗಿದೆ, ಎಲ್ಲ ಚೆನ್ನಾಗಿದೆ ಎಂದು ಸೋಲುತ್ತಿದ್ದ. ಆಗ ಇವಳೇ ತಿದ್ದುವಳು: ಎಲ್ಲ ಚೆನ್ನಾಗಿದೆ ಅಂದರೆ ನಾವು ನಂಬುವುದಿಲ್ಲ ಕಣೋ, ಸ್ವಲ್ಪ ಬೇಜಾರು ಅನ್ನು, ನಿದ್ದೆ ಒಂಚೂರು ಕಮ್ಮಿ ಅನ್ನು, ಆಮೇಲೆ ಅಕ್ಕ ಇದ್ದಾಳೆ, ಅವಳಿಗೋಸ್ಕರ ಗಟ್ಟಿಯಾಗಿದ್ದೀನಿ ಅನ್ನು, ಆಗ ನಾವು ಬಿಟ್ಟುಬಿಡುತ್ತೇವೆ. ಕಲಿಸಿದಳು, ಅವನು ಕಲಿತ. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಅವನಿಗೆ ಕಾಯಿಲೆ ಶುರುವಾದದ್ದು ಒಂದು ಬೆರಳಿನಿಂದ. ಬಟ್ಟೆ ಹೊಲಿಯುವ ಕಾರ್ಖಾನೆಯೊಂದರಲ್ಲಿ ಒಬ್ಬ ಹುಡುಗಿಯ ಬೆರಳಿಗೆ ಸೂಜಿ ಚುಚ್ಚಿತು. ಅದು ಅಲ್ಲಿ ಆಗಾಗ ಆಗುವಂಥದ್ದೇ. ಗಾಯ ಬೇಗ ವಾಸಿಯಾಯಿತು, ಹುಡುಗಿ ಅದನ್ನು ಮರೆತೂ ಬಿಟ್ಟಳು. ಆದರೆ ಆ ಮಿಷನ್ನನ್ನು ಕೆಲವು ದಿನದ ಹಿಂದೆ ಬಿಚ್ಚಿ ಜೋಡಿಸಿದವನು ಇವನು. ತಪ್ಪು ನನ್ನದೇ ಎಂದು ಕೊರಗಿದ. ಕೊರಗಿನಲ್ಲೇ, ನಾನು ಮುಟ್ಟಿದ ಎಲ್ಲ ಮಿಷನ್ನುಗಳೂ ಯಾರಿಗೋ ಚುಚ್ಚಿವೆ ಎಂದು ಶುರುವಿಟ್ಟುಕೊಂಡ. ರಿಪೇರಿ ಮಾಡಿದ ಮನೆಗಳಿಗೆಲ್ಲ ಹೋಗಿ ಬಾಗಿಲು ತಟ್ಟಿ, ದಯವಿಟ್ಟು ಬೆರಳು ತೋರಿಸಿ ಅನ್ನುತ್ತಿದ್ದ. ಜನ ಮೊದಲು ನಕ್ಕರು, ಆಮೇಲೆ ಬಾಗಿಲು ಹಾಕಿಕೊಂಡರು. ಎದುರು ಮನೆಯ ಮುದುಕ ದರ್ಜಿ ವಯಸ್ಸಾಗಿ ತೀರಿಕೊಂಡಾಗ ಅದೂ ತನ್ನಿಂದಲೇ ಅಂದ. ಸ್ಪ್ಯಾನರು, ಎಣ್ಣೆ ಡಬ್ಬಿ ಎಲ್ಲ ಗೋಣಿಚೀಲಕ್ಕೆ ತುಂಬಿ ಕಸದ ತೊಟ್ಟಿಗೆ ಹಾಕಿ ಬಂದ. ಗೋಡೆಯೊಳಗಿಂದ ಯಾರೋ ತನ್ನ ತಪ್ಪುಗಳನ್ನು ಓದಿ ಹೇಳುತ್ತಾರೆ ಎಂದು ಗೋಡೆಗೆ ಬೆನ್ನು ಹಾಕದೆ ನಡುಕೋಣೆಯಲ್ಲಿ ಕೂರತೊಡಗಿದ. ಬೆಕ್ಕು ಅಡ್ಡ ಬಂದರೂ ದಾರಿ ಬಿಟ್ಟು ನಿಲ್ಲುತ್ತಿದ್ದ ಆಸಾಮಿ ಅವನು. ಅಂಥವನ ತಲೆಗೆ ತಾನು ಕೊಲೆಗಾರ ಎಂಬ ಹುಳ ಹೊಕ್ಕಿತು.

ಫೋನಕ್ಕನಿಗೆ ಇದೇನು ಎಂದು ತಿಳಿಯದೆ ಇರುತ್ತದೆಯೇ? ತಿಳಿದಷ್ಟೂ ಭಯ. ಈಚೆ ಕೇಂದ್ರದ ಡಾಕ್ಟರ ಮುಂದೆ ಹೋಗಿ ನಿಂತಳು. ಅವರು, ನೌಕರರ ಮನೆಯವರನ್ನು ಅದೇ ಕೇಂದ್ರದಲ್ಲಿ ನೋಡುವಂತಿಲ್ಲ ಎಂದರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನೇ ಯಾರೋ ಆಫೀಸಿನಲ್ಲಿ ಕೂತು ನಿಯಮ ಮಾಡಿಬಿಟ್ಟಿದ್ದಾರೆ. ಆಚೆ ಕೇಂದ್ರಕ್ಕೆ ಹೋದಳು. ಹೊಸಬರು ಯಾರೇ ಇರಲಿ, ಮೊದಲು ಫೋನಿನ ಮೂಲಕ ಬರಬೇಕು ಎಂದರು ಅವರು. ಫೋನು ಇರುವುದು ಎಲ್ಲಿ? ಇವಳ ಕೋಣೆಯಲ್ಲೇ.

ಆ ದಿನವನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಫೋನಕ್ಕ ಎದ್ದು ಗಾಜಿನ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಓಣಿಯಲ್ಲಿ ನಿಂತು ತನ್ನ ಮೊಬೈಲಿನಿಂದ ತನ್ನದೇ ಕೋಣೆಗೆ ಫೋನ್ ಮಾಡಿದಳು. ಗಾಜಿನ ಆಚೆ ಪಕ್ಕದ ಮೇಜಿನವನು ಎತ್ತಿದ. ಇವಳೆಂದು ತಿಳಿದು ಮುಖ ಗೋಡೆಯ ಕಡೆ ತಿರುಗಿಸಿಕೊಂಡ, ಪಾಪ, ಅವನಿಗೂ ನಾಚಿಕೆ. ಆದರೂ ಪ್ರಶ್ನೆ ಬಿಡುವಂತಿಲ್ಲ, ಮಾತೆಲ್ಲ ರೆಕಾರ್ಡ್ ಆಗುತ್ತದೆ. ಯಾರ ಮೇಲಾದರೂ ಕೈ ಮಾಡಿದ್ದಾರಾ ಎಂದು ಕೇಳಿದ. ಇಲ್ಲ ಅಂದಳು. ಸಾಯುತ್ತೇನೆ ಎಂದು ಬಾಯಿಬಿಟ್ಟು ಹೇಳಿದ್ದಾರಾ? ಇಲ್ಲ. ಹಾಗಾದರೆ ಸಾಮಾನ್ಯ ಸಾಲಿಗೆ ಹಾಕುತ್ತೇನೆ, ಸರದಿ ಬಂದಾಗ ಮನೆಗೆ ಬಂದು ನೋಡುತ್ತಾರೆ. ಇವಳು ಥ್ಯಾಂಕ್ಸ್ ಹೇಳಿ, ಒಳಗೆ ಹೋಗಿ, ತನ್ನ ಮೇಜಿನಲ್ಲಿ ಕೂತು, ಹೊಡೆದುಕೊಳ್ಳುತ್ತಿದ್ದ ಫೋನನ್ನು ಎತ್ತಿದಳು.

ಸರದಿ ಬರುವಷ್ಟರಲ್ಲಿ ಅವನು ಅರ್ಧ ಆಳಾಗಿದ್ದ. ಆಚೆ ಕೇಂದ್ರದ ಡಾಕ್ಟರಮ್ಮನನ್ನೂ ಒಬ್ಬ ನರ್ಸನ್ನೂ ಕರೆದುಕೊಂಡು ಹೋದವನು ನಾನೇ. ಡಾಕ್ಟರಮ್ಮ ಕೆಟ್ಟವರಲ್ಲ, ಆ ಮಾತು ಹೇಳಲೇಬೇಕು. ಹಗಲೆಲ್ಲ ಊರೂರು ಸುತ್ತಿ ಸುಣ್ಣವಾದವರು, ವ್ಯಾನ್ ಹತ್ತಿದ ಕೂಡಲೇ ನಿದ್ದೆ ಹೋಗುತ್ತಿದ್ದರು. ನಾನು ಮೆಟ್ಟಿಲ ಮೇಲೆ, ಬಾಗಿಲ ಬಳಿ ನಿಂತಿದ್ದೆ. ತಮ್ಮ ಅಂದು ಕ್ಷೌರ ಮಾಡಿಕೊಂಡು, ಒಗೆದ ಅಂಗಿ ಹಾಕಿಕೊಂಡು, ಅವರಿಗೆ ಕುರ್ಚಿ ಒರೆಸಿ ಕೊಟ್ಟ. ಡಾಕ್ಟರಮ್ಮ ಪ್ರಶ್ನೆ ಶುರು ಮಾಡಿದರು. ನಿದ್ದೆ? ಒಂಚೂರು ಕಮ್ಮಿ. ಊಟ? ಅಕ್ಕ ಬಡಿಸಿದರೆ ಬಿಡಲಾಗುತ್ತದೆಯೇ. ದನಿ? ಕೆಳಗೆ ಇಸ್ತ್ರಿ ಅಂಗಡಿಯ ರೇಡಿಯೋ ಒಂದೇ. ಡಾಕ್ಟರಮ್ಮ ನಕ್ಕರು. ಕೊನೆಗೆ ಬದುಕು ಬೇಡ ಅನ್ನಿಸಿದೆಯೇ ಎಂದು ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ, ಎಷ್ಟು ಹೊತ್ತು ಸುಮ್ಮನಿರಬೇಕೋ ಅಷ್ಟೇ ಹೊತ್ತು.

‘ಬೇಜಾರಾಗುತ್ತೆ ಮೇಡಂ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಕ್ಕ ಇದ್ದಾಳೆ. ಅವಳಿಗೋಸ್ಕರ ಗಟ್ಟಿಯಾಗಿದ್ದೀನಿ.’

ಒಲೆಯ ಪಕ್ಕದಲ್ಲಿ ನಿಂತಿದ್ದ ಫೋನಕ್ಕನ ಮುಖ ನಾನು ನೋಡಿದೆ. ಅವಳದೇ ವಾಕ್ಯ, ಅವಳದೇ ಧಾಟಿ, ಅವಳೇ ಕಲಿಸಿದ ಕಡೆಯಲ್ಲಿ ನಿಲ್ಲಿಸಿದ ಉಸಿರು. ಇವನು ಹೇಳುತ್ತಿರುವುದು ನಿಜವಲ್ಲ ಮೇಡಂ, ಇದು ನಾನು ಹೇಳಿಕೊಟ್ಟದ್ದು ಎಂದು ಹೇಳಿದಳು. ಎಲ್ಲವನ್ನೂ ಬಿಡಿಸಿ ಹೇಳಿದಳು. ಡಾಕ್ಟರಮ್ಮ ಕೇಳಿದರು, ಕನಿಕರದಿಂದಲೇ ಕೇಳಿದರು. ಆಮೇಲೆ ಅವಳ ಭುಜ ತಟ್ಟಿ, ದಿನವಿಡೀ ಇಂಥದ್ದೇ ಕೇಳುವವರಿಗೆ ಮನೆಯಲ್ಲೂ ಅದೇ ಕಾಣುತ್ತದೆ, ನೀವೂ ಸ್ವಲ್ಪ ರಜೆ ತಗೊಳ್ಳಿ ಎಂದರು. ಮಾತ್ರೆ ಬರೆದು ಕೊಟ್ಟು ಹೊರಟರು. ನನ್ನಂಥವನಿಗೆ ಮದ್ದು ದಂಡ ಎಂದು ತಮ್ಮ ಆ ಮಾತ್ರೆಯನ್ನು ಮುಟ್ಟಲಿಲ್ಲ. ಯಾಕೋ ಹಾಗೆ ಉತ್ತರ ಕೊಟ್ಟೆ ಎಂದು ಅಕ್ಕ ಕೇಳಿದ್ದಕ್ಕೆ, ಒಳ್ಳೆಯವರ ಹಾಸಿಗೆ ನಾನು ಕಿತ್ತುಕೊಳ್ಳಬೇಕಾ ಅಂದನಂತೆ.

ಅಲ್ಲಿಂದ ಮುಂದೆ ಇಳಿಜಾರೇ. ಒಮ್ಮೆ ಬಸ್ ಕಂಡಕ್ಟರೊಬ್ಬ ಅವನ ತೋಳು ಹಿಡಿದು ಮನೆಗೆ ತಂದು ಬಿಟ್ಟ, ಸೇತುವೆಯ ಕಟ್ಟೆಯ ಮೇಲೆ ನಿಂತಿದ್ದನಂತೆ. ಆಚೆ ಕೇಂದ್ರದವರು ಫೋನಿನಲ್ಲಿ ವಿಚಾರಿಸಿದಾಗ, ಗಾಳಿಗೆ ನಿಂತಿದ್ದೆ ಎಂದು ತಮ್ಮ ಸಲೀಸಾಗಿ ಹೇಳಿದ. ಕೆಲವು ದಿನ ಬಿಟ್ಟು ಮತ್ತೆ ಅದೇ ಸೇತುವೆ, ಅದೇ ಉತ್ತರ. ಅವನನ್ನು ಕಾಯಲು ಫೋನಕ್ಕ ಹಾಕಿದ್ದ ರಜೆಯೂ ಮುಗಿಯಿತು. ಹಗಲು ಕೆಳಗಿನ ಇಸ್ತ್ರಿ ಅಂಗಡಿಯವಳು ಬಟ್ಟೆ ಮಡಿಸಿಕೊಡು ಬಾ ಎಂದು ಅವನನ್ನು ಕಣ್ಣ ಮುಂದೆ ಕೂರಿಸಿಕೊಳ್ಳುತ್ತಿದ್ದಳು. ಮಲಗುವಾಗ ಅಕ್ಕ ಹಳೆಯ ಬಟ್ಟೆಯ ಒಂದು ತುಂಡನ್ನು ಅವನ ಮಣಿಕಟ್ಟಿಗೂ ತನ್ನ ಮಣಿಕಟ್ಟಿಗೂ ಗಂಟು ಹಾಕುತ್ತಿದ್ದಳು. ಬೆಳಗಾದರೆ ಎದ್ದು ಬಂದು ಫೋನಿನಲ್ಲಿ ಪರರಿಗೆ ಧೈರ್ಯ ಹೇಳಬೇಕು. ಅವಳ ಆ ನಗು ಎಲ್ಲಿ ಹೋಯಿತೋ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ, ಇವಳ ದೀಪದಲ್ಲಿ ಎಣ್ಣೆಯೂ ಉಳಿದಿರಲಿಲ್ಲ. ಅಣ್ಣ, ಅವನು ಸತ್ತ ಮೇಲೆ ಅಪಾಯ ಇತ್ತು ಅಂತ ಒಪ್ಪಿಕೊಳ್ಳುತ್ತಾರೆ ಎಂದು ಒಂದು ದಿನ ವ್ಯಾನಿನಲ್ಲಿ ಅಂದಳು. ಹಾರನ್ ಹೊಡೆದೆ, ಎದುರಿಗೆ ಯಾರೂ ಇರಲಿಲ್ಲ.

ಆ ವಾರ ಅವಳ ಬೀದಿಯ ಕಡೆಯೇ ನನಗೆ ಬೆಳಗಿನ ಕೆಲಸವಿತ್ತು, ಹೋಗುವಾಗ ಅವಳನ್ನೂ ಹತ್ತಿಸಿಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಅವಳು ಹತ್ತಿ ವ್ಯಾನ್ ಹೊರಡಬೇಕು, ಅಷ್ಟರಲ್ಲಿ ತಮ್ಮ ಬರಿಗಾಲಿನಲ್ಲಿ ಓಡಿ ಬಂದ. ಅವಳು ಮರೆತಿದ್ದ ಊಟದ ಡಬ್ಬಿಯನ್ನು ಕಿಟಕಿಯಿಂದ ಕೊಟ್ಟು, ನನಗೆ ನಮಸ್ಕಾರ ಹೇಳಿ, ಹುಷಾರಾಗಿ ಹೋಗಿ ಅಂದ. ಎಷ್ಟು ದಿನದ ಮೇಲೆ ಅವನ ಮುಖ ತಿಳಿಯಾಗಿತ್ತು. ನನಗಂತೂ ಸಂತೋಷವೇ ಆಯಿತು, ಹುಡುಗ ದಾರಿಗೆ ಬಂದ ಎಂದೆ. ಫೋನಕ್ಕ ತಿರುವು ಬರುವ ತನಕ ಹಿಂದಕ್ಕೆ ತಿರುಗಿ ಅವನನ್ನೇ ನೋಡಿದಳು.

ಮಧ್ಯಾಹ್ನ ಇಸ್ತ್ರಿ ಅಂಗಡಿಯವಳು ಅವಳಿಗೆ ಫೋನ್ ಮಾಡಿದಳು. ನಿನ್ನ ತಮ್ಮ ಬಟ್ಟೆಯೆಲ್ಲ ಒಗೆದು ಮಡಿಸಿ ತಂದು ನನಗೆ ಕೊಟ್ಟಿದ್ದಾನೆ, ಯಾರಿಗಾದರೂ ಆಗುತ್ತದೆ ಇಟ್ಟುಕೊಳ್ಳಿ ಅಂತಾನೆ, ಕೈಗಡಿಯಾರವನ್ನೂ ಬಿಚ್ಚಿಕೊಟ್ಟಿದ್ದಾನೆ, ಈಗ ಇಲ್ಲೇ ಕೂತಿದ್ದಾನೆ, ಖುಷಿಯಾಗಿದ್ದಾನೆ. ಆ ಖುಷಿಗೆ ಅರ್ಥವೇನು ಎಂದು ಫೋನಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನನ್ನು ಅಲ್ಲಿಂದ ಏಳಲು ಬಿಡಬೇಡ ಎಂದಷ್ಟೇ ಹೇಳಿ ಓಣಿಗೆ ಬಂದಳು. ನಾನು ಟೀ ಲೋಟ ಹಿಡಿದು ಅಲ್ಲೇ ನಿಂತಿದ್ದೆ. ಅವಳು ನಂಬರ್ ಒತ್ತಿ, ಗಾಜಿನ ಒಳಗಿನವನ ಪ್ರಶ್ನೆಗೆ ಕಾಯದೆ, ನನ್ನ ಮುಖವನ್ನೇ ನೋಡುತ್ತ ಹೇಳಿದಳು:

‘ಇವತ್ತು ಬೆಳಿಗ್ಗೆ ನಾನು ಮನೆ ಬಿಡೋ ಮುಂಚೆ ನನ್ನ ತಮ್ಮ ನನ್ನ ಕತ್ತಿಗೆ ಚಾಕು ಹಿಡಿದ. ಕೊಲ್ತೀನಿ ಅಂದ.’

ಇಷ್ಟೇ. ಬಾಗಿಲು ತೆರೆಯುವ ಮಾತು ಯಾವುದು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅಷ್ಟು ತಿಂಗಳು ಕುಂಟುತ್ತಿದ್ದ ಸೇವೆ ಆ ಒಂದು ವಾಕ್ಯಕ್ಕೆ ಎದ್ದು ಓಡಿತು. ನನಗೆ ತಕ್ಷಣ ವ್ಯಾನ್ ತೆಗೆಯಲು ಹೇಳಿದರು. ಫೋನಕ್ಕನನ್ನು ಹತ್ತಿಸಿಕೊಂಡೆ, ಬಟ್ಟೆ, ಗಡಿಯಾರದ ಸುದ್ದಿಯನ್ನು ದಾರಿಯಲ್ಲಿ ನನಗೆ ಹೇಳಿದಳು. ಸೇತುವೆ ದಾಟಿ ಡಾಕ್ಟರಮ್ಮನನ್ನೂ ನರ್ಸನ್ನೂ ಹತ್ತಿಸಿಕೊಂಡು ಬಂದೆ. ಟೀ ಲೋಟ ಓಣಿಯಲ್ಲೇ ಉಳಿಯಿತು.

ಮೇಲಿನ ಕೋಣೆಯಲ್ಲಿ ಎಲ್ಲರೂ ನಿಂತೇ ಇದ್ದರು. ತಮ್ಮ ಎಂದಿನಂತೆ ಕುರ್ಚಿ ಒರೆಸಿದ, ಯಾರೂ ಕೂರಲಿಲ್ಲ. ಡಾಕ್ಟರಮ್ಮ, ನಿಮ್ಮ ಅಕ್ಕ ಹೀಗೆ ಹೇಳುತ್ತಿದ್ದಾರೆ, ನಿಜವೇ ಎಂದು ಕೇಳಿದರು. ಇದು ಆಟದಲ್ಲಿ ಇರದಿದ್ದ ಪ್ರಶ್ನೆ. ಅವನು ಅಕ್ಕನ ಕಡೆ ತಿರುಗಿದ. ಅವಳು ನೆಲ ನೋಡುತ್ತ, ಹೌದು, ಹಿಡಿದ ಅಂದಳು. ನಿಯಮದ ಪ್ರಕಾರ ಮನೆಯವರ ಮಾತಿನ ಜೊತೆ ಇನ್ನೊಬ್ಬರ ಮಾತೂ ಬೇಕು. ಡಾಕ್ಟರಮ್ಮ ನನ್ನನ್ನು ಕೇಳಿದರು, ಬೆಳಿಗ್ಗೆ ಇವರನ್ನು ಹತ್ತಿಸಿಕೊಂಡವರು ನೀವಲ್ಲವೇ, ಏನಾದರೂ ಕಂಡಿರಾ ಎಂದು.

ನನ್ನ ಕಣ್ಣ ಮುಂದೆ ಬರಿಗಾಲಿನಲ್ಲಿ ಓಡಿ ಬಂದ ಹುಡುಗ. ಅವನನ್ನು ಬಿಟ್ಟು ಹೋದರೆ ಅವನು ಇರುವುದಿಲ್ಲ, ಅದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಕೂಗಾಟ ಕೇಳಿಸಿತು, ಮೇಡಂ, ಎಂದೆ. ಚಾಕು ಕಾಣಲಿಲ್ಲ, ಕೂಗಾಟ ಕೇಳಿಸಿತು. ಸುಳ್ಳಿನಲ್ಲೂ ನನಗೆ ಅರ್ಧ ನಿಯತ್ತು ಬೇಕಿತ್ತು ನೋಡಿ. ಇವತ್ತು ಅದೇ ಪ್ರಶ್ನೆ ಕೇಳಿದರೂ ಅದನ್ನೇ ಹೇಳುತ್ತೇನೆ, ನನಗೆ ಯಾರೂ ಧರ್ಮ ಬೋಧಿಸಬೇಕಾಗಿಲ್ಲ.

ತಮ್ಮ ಅಕ್ಕನ ಹತ್ತಿರ ಹೋದ. ನರ್ಸ್ ಅಡ್ಡ ಬಂದ. ಮುಟ್ಟುವುದಿಲ್ಲ ಸಾರ್, ಕತ್ತು ತೋರಿಸಲಿ ಸಾಕು ಅಂದ. ಫೋನಕ್ಕ ತಲೆ ಎತ್ತಿದಳು. ಅವನು ಬಗ್ಗಿ, ಮಿಷನ್ನಿನ ಒಳಗೆ ನೋಡುವವನ ಹಾಗೆ, ಎಡಕ್ಕೂ ಬಲಕ್ಕೂ ನೋಡಿದ. ‘ಸದ್ಯ, ಗಾಯ ಆಗಿಲ್ಲ’ ಅಂದ. ಆಮೇಲೆ ಡಾಕ್ಟರಮ್ಮನಿಗೆ, ನನ್ನನ್ನು ಇವಳಿಂದ ದೂರ ಕರೆದುಕೊಂಡು ಹೋಗಿ, ಬೇಗ ಕರೆದುಕೊಂಡು ಹೋಗಿ ಎಂದು ಕೈಮುಗಿದ. ತಾನು ಮಾಡಿಲ್ಲ ಎಂದು ಒಂದೇ ಒಂದು ಸಲ ಅನ್ನಲಿಲ್ಲ. ನಾವು ಹೇಳಿದ ಸುಳ್ಳಿಗೆ ಅವನ ಕಾಯಿಲೆ ಮೊದಲೇ ಜಾಗ ಮಾಡಿಟ್ಟುಕೊಂಡು ಕಾದಿತ್ತು. ಅದು ನಮಗಿಬ್ಬರಿಗೂ ಹೊಳೆಯದೆ ಹೋಯಿತು.

ಆಸ್ಪತ್ರೆಯಲ್ಲಿ ಅವನಿಗೆ ಒಳ್ಳೆಯದಾಯಿತು. ಅದು ಸತ್ಯ, ಅದನ್ನು ಮುಚ್ಚಿಡುವುದಿಲ್ಲ. ಕಬ್ಬಿಣದ ಮಂಚಗಳ ಉದ್ದನೆಯ ಹಾಲು, ಫಿನಾಯಿಲಿನ ವಾಸನೆ, ಕಿಟಕಿಗೆ ಜಾಲರಿ. ಆದರೆ ಮದ್ದು ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಯಿತು, ನಿದ್ದೆ ಬಂತು, ಗೋಡೆ ಸುಮ್ಮನಾಯಿತು. ವಾರಕ್ಕೊಮ್ಮೆ ಭೇಟಿ. ನಾನು ಫೋನಕ್ಕನನ್ನು ಕರೆದೊಯ್ದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಒಂದು ವಾರ ಅವಳು ಕಾರ್ಖಾನೆಯ ಆ ಹುಡುಗಿಯನ್ನೇ ಬೇಡಿಕೊಂಡು ಕರೆದುಕೊಂಡು ಬಂದಳು. ಹುಡುಗಿ ಬೆರಳು ಮುಂದೆ ಚಾಚಿದಳು, ಅಲ್ಲಿ ಕಲೆಯೂ ಇರಲಿಲ್ಲ. ತಮ್ಮ ಆ ಬೆರಳು ಹಿಡಿದು ನೋಡಿ ಮಗುವಿನ ಹಾಗೆ ಅತ್ತ. ಅಂದು ವ್ಯಾನಿನಲ್ಲಿ ಫೋನಕ್ಕ ಎಷ್ಟೋ ತಿಂಗಳ ಮೇಲೆ ನಕ್ಕಳು. ದರ್ಜಿ ಮುದುಕನ ಸಾವೂ ತನ್ನಿಂದಲ್ಲ ಎಂದು ಮುಂದಿನ ವಾರ ಅಕ್ಕ ಬಿಡಿಸಿ ಹೇಳಿದ ಮೇಲೆ ಒಪ್ಪಿದ. ಹೊತ್ತ ಮೂಟೆಯಿಂದ ಒಂದೊಂದೇ ಕಲ್ಲು ತೆಗೆದು ಕೆಳಗಿಡುತ್ತಿದ್ದ.

ಹಾಸಿಗೆಯಲ್ಲಿ ಯಾರನ್ನು ಉಳಿಸಬೇಕು, ಯಾರನ್ನು ಕಳಿಸಬೇಕು ಎಂದು ನೋಡಲು ಒಂದು ಸಮಿತಿ ಇದೆ. ಅದು ಕೂರುವ ಹಿಂದಿನ ವಾರ ನನ್ನನ್ನೂ ಒಳಗೆ ಬಿಟ್ಟರು. ಆಸ್ಪತ್ರೆಯಲ್ಲೂ ರೋಗಿಗಳನ್ನು ನೋಡುವ ಡಾಕ್ಟರಮ್ಮ ಪಕ್ಕದ ಮಂಚದ ಬಳಿ ಯಾರನ್ನೋ ನೋಡುತ್ತಿದ್ದರು. ಇನ್ನೂ ಸ್ವಲ್ಪ ಕಾಲ ಇಲ್ಲಿದ್ದರೆ ಗುಣವಾಗುತ್ತಾನೆ, ಈಗಲೇ ಬಿಟ್ಟರೆ ಮದ್ದು ನಿಲ್ಲಿಸುತ್ತಾನೆ, ಸದ್ಯ ಚಾಕುವಿನ ವಿಷಯ ಇರುವುದರಿಂದ ಸಮಿತಿ ಉಳಿಸಿಕೊಳ್ಳಬಹುದು ಎಂದು ಅವರೇ ಬಾಗಿಲಲ್ಲಿ ಹೇಳಿದ್ದರು. ತಮ್ಮ ಎರಡು ಪ್ಲಾಸ್ಟಿಕ್ ಕುರ್ಚಿ ಎದುರು ಬದುರು ಹಾಕಿದ್ದ. ಮುಖಕ್ಕೆ ರಕ್ತ ಬಂದಿತ್ತು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ದನಿ ಇಳಿಸಿ ಕೇಳಿದ:

‘ಅಕ್ಕ, ಹುಡುಗಿ ಬೆರಳು ಸುಳ್ಳು, ದರ್ಜಿ ಅಜ್ಜಂದು ಸುಳ್ಳು, ಎಲ್ಲಾ ನನ್ನ ತಲೇಲಿ ಹುಟ್ಟಿದ್ದು ಅಂತ ಗೊತ್ತಾಯ್ತು. ಚಾಕು ಮಾತ್ರ ನನಗೆ ನೆನಪೇ ಆಗ್ತಿಲ್ಲ. ಅದು ನಿಜಾನಾ? ನೀನು ಹೇಳಿದ್ರೆ ನಂಬ್ತೀನಿ.’

ಇಲ್ಲ ಅಂದರೆ ಅವನ ಎದೆಯ ಮೇಲಿನ ಕೊನೆಯ ಕಲ್ಲು ಇಳಿಯುತ್ತಿತ್ತು. ಇಲ್ಲ ಅಂದರೆ ಪಕ್ಕದ ಮಂಚದ ಬಳಿ ಇರುವವರ ಕಿವಿಗೂ ಅದು ಬೀಳುತ್ತಿತ್ತು, ಅಪಾಯವೇ ಇರದಿದ್ದ ಮನುಷ್ಯನಿಗೆ ಮುಂದಿನ ವಾರ ಹಾಸಿಗೆಯೂ ಇರುತ್ತಿರಲಿಲ್ಲ. ಮನೆಗೆ ಹೋದರೆ ಸೇತುವೆ ದೂರವಿಲ್ಲ. ಅತ್ತ ದರಿ, ಇತ್ತ ಪುಲಿ. ಫೋನಕ್ಕ ಡಾಕ್ಟರಮ್ಮನ ಬೆನ್ನನ್ನೊಮ್ಮೆ ನೋಡಿದಳು, ತಮ್ಮನ ಮುಖವನ್ನೊಮ್ಮೆ ನೋಡಿದಳು.

‘ಹೌದು ಕಣೋ’ ಅಂದಳು. ‘ನಿಜ.’

ಅವನು ತಲೆಯಾಡಿಸಿದ. ಅಳಲಿಲ್ಲ. ಎದ್ದು, ತನ್ನ ಕುರ್ಚಿಯನ್ನು ಸದ್ದಾಗದ ಹಾಗೆ ಎತ್ತಿ, ಅವಳ ಕೈಗೆಟುಕದಷ್ಟು ಹಿಂದಕ್ಕೆ ಇಟ್ಟು ಕೂತ. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಹಾಗೆ ಕೂತೇ ಅವಳ ಆರೋಗ್ಯ ವಿಚಾರಿಸಿದ, ಕೆಲಸ ಹೇಗಿದೆ ಎಂದು ಕೇಳಿದ, ಇಸ್ತ್ರಿ ಅಂಗಡಿಯವಳಿಗೆ ನಮಸ್ಕಾರ ತಿಳಿಸಲು ಹೇಳಿದ.

ವಾಪಸು ಬರುವಾಗ ನಾನು ರೇಗಿದೆ. ಇದು ನುಂಗಲಾರದ, ಉಗುಳಲಾರದ ಬಿಸಿತುಪ್ಪವಾಯಿತಲ್ಲ, ಅವನು ಗುಣವಾಗಿ ಮನೆಗೆ ಬಂದ ದಿನ ಮೊದಲ ಕೆಲಸವಾಗಿ ನಿಜ ಹೇಳಿಬಿಡು, ಬೇಕಾದರೆ ನಾನೂ ಬಂದು ನನ್ನ ಪಾಲಿನದು ಹೇಳುತ್ತೇನೆ ಎಂದೆ. ಫೋನಕ್ಕ ರಸ್ತೆ ನೋಡುತ್ತಲೇ ಅಂದಳು:

‘ಹೇಗೆ ಹೇಳ್ಲಿ ಅಣ್ಣ? ಬೆರಳು ಸುಳ್ಳು ಅಂತ ಅವನು ಒಪ್ಪಿದ್ದು ಇವಳೇ ಆ ಹುಡುಗಿ ಅಂತ ನಾನು ಹೇಳಿದೆ ಅಂತ. ಅಜ್ಜಂದು ಸುಳ್ಳು ಅಂತ ಒಪ್ಪಿದ್ದೂ ನಾನು ಹೇಳಿದೆ ಅಂತ. ಅಕ್ಕನೂ ಸುಳ್ಳು ಹೇಳ್ತಾಳೆ ಅಂತ ಗೊತ್ತಾದ ದಿನ ಅವನು ಎಲ್ಲಾನೂ ವಾಪಸ್ ಎತ್ಕೊಳ್ತಾನೆ.’

ಅಷ್ಟು ದೂರ ಯೋಚಿಸುವ ತಲೆ ನನಗಿಲ್ಲ, ಇದ್ದಿದ್ದರೆ ವ್ಯಾನ್ ಯಾಕೆ ಓಡಿಸುತ್ತಿದ್ದೆ.

ಸಮಿತಿ ಅವನನ್ನು ಉಳಿಸಿಕೊಂಡಿತು. ಇನ್ನೂ ಅಲ್ಲೇ ಇದ್ದಾನೆ, ಮೈ ಕೈ ತುಂಬಿಕೊಂಡಿದ್ದಾನೆ, ಮದ್ದು ತಾನೇ ಕೇಳಿ ತಗೊಳ್ಳುತ್ತಾನಂತೆ. ಫೋನಕ್ಕ ಹಗಲು ಫೋನಿನಲ್ಲಿ ನೀರು ಕುಡಿಸುತ್ತಾಳೆ, ಇಲ್ಲ ಅನ್ನುತ್ತಾಳೆ. ಭೇಟಿಯ ದಿನ ಈಗ ನಾನು ಬೆಂಚಿನ ಮೇಲೆ ಕಾಯುವಂತಿಲ್ಲ. ಅಕ್ಕ ಒಬ್ಬಳೇ ಬರುವುದು ಬೇಡ, ಅಣ್ಣನೂ ಒಳಗೆ ಬರಲಿ ಎಂದು ತಮ್ಮನೇ ನರ್ಸಿಗೆ ಹೇಳಿಟ್ಟಿದ್ದಾನೆ. ನನ್ನ ಕುರ್ಚಿಯನ್ನು ಅವರಿಬ್ಬರ ನಡುವೆ ಅವನೇ ಹಾಕುತ್ತಾನೆ. ನಾನು ಕೂತ ಮೇಲೆಯೇ ಅವನು ಅವಳನ್ನು ಮಾತಾಡಿಸುವುದು, ಅದೂ ನನ್ನ ಭುಜದ ಮೇಲಿಂದ.